ಕ್ಯಾಮೆರಾ ಮುಂದೆ ನಿಲ್ಲುವ ಮುನ್ನ ಅಜ್ಜಿಯ ಪೆಟ್ಟಿಗೆ ತೆರೆಯಿರಿ

ಮಹಾನಗರದ ಕನ್ನಡಿಗರ ಮನೆಗಳಲ್ಲಿ ಮದುವೆಯ ಮಾತುಕತೆ ಮುಗಿದರೆ ಮೊದಲು ಸಭಾಗೃಹ ಗೊತ್ತುಮಾಡುವುದು, ಆಮೇಲೆ ಅಡುಗೆಯವರನ್ನು ಕರೆಸುವುದು ಹಿಂದಿನ ರೂಢಿ. ಈಗ ಇವೆರಡಕ್ಕೂ ಮುಂಚೆ ಫೋಟೋಗ್ರಾಫರ್ ಬರುತ್ತಾನೆ. ಮದುವೆಗೆ ಮೊದಲೊಂದು ಫೋಟೋಶೂಟ್, ಸೀಮಂತಕ್ಕೊಂದು, ಮಗುವಿನ ಮೊದಲ ಹುಟ್ಟುಹಬ್ಬಕ್ಕೊಂದು, ಹಿರಿಯರ ಅರುವತ್ತರ ಶಾಂತಿಗೆ ಇನ್ನೊಂದು. ಸಂಘ-ಸಂಸ್ಥೆಗಳ ಮಹಿಳಾ ವಿಭಾಗದವರೂ ರಾಜ್ಯೋತ್ಸವಕ್ಕೆಂದು ಒಂದೇ ಬಣ್ಣದ ಸೀರೆಯುಟ್ಟು ಸಾಲಾಗಿ ನಿಂತು ತೆಗೆಸಿಕೊಳ್ಳುತ್ತಾರೆ. ಇದೆಲ್ಲ ದುಂದುವೆಚ್ಚ ಎಂದು ಹಿರಿಯರು ಗೊಣಗುವುದುಂಟು. ಆದರೆ ತೆಗೆಸುವುದು ಹೇಗೂ ತಪ್ಪುವುದಿಲ್ಲ ಎಂದಮೇಲೆ, ಆ ಚಿತ್ರದಲ್ಲಿ ಕಾಣುತ್ತಿರುವವರು ಯಾರು ಎಂದು ಕೇಳಿಕೊಳ್ಳುವುದು ಗೊಣಗುವುದಕ್ಕಿಂತ ಉಪಯುಕ್ತ.

ಉಪನಗರಗಳ ಸ್ಟುಡಿಯೋಗಳಲ್ಲಿ ಸಿದ್ಧ ಪ್ಯಾಕೇಜುಗಳಿವೆ. ಪಂಜಾಬಿ ಲುಕ್, ಮಹಾರಾಷ್ಟ್ರಿಯನ್ ಲುಕ್, ಸೌತ್ ಇಂಡಿಯನ್ ಲುಕ್. ಈ ಕೊನೆಯದನ್ನು ಆರಿಸಿಕೊಂಡರೆ ಸಾಮಾನ್ಯವಾಗಿ ಸಿಗುವುದು ಚಿನ್ನದ ಅಂಚಿನ ಬಿಳಿ ಸೀರೆ, ಕೃತಕ ಟೆಂಪಲ್ ಆಭರಣ, ಒಂದು ಹಿತ್ತಾಳೆಯ ದೀಪ, ಹಿಂದೆ ಬಾಳೆಗಿಡ. ಆ ಸೀರೆ ಕೇರಳದ ಕಸವು. ಕೇರಳದವರಿಗೆ ಅದು ಒಪ್ಪುತ್ತದೆ, ಬಲು ಚೆಂದವೂ ಹೌದು. ಆದರೆ ಹುನಗುಂದದ ಕಡೆಯಿಂದ ಬಂದ ಮನೆತನದ ಹುಡುಗಿ ಅದನ್ನುಟ್ಟು ನಿಂತರೆ ಅವಳ ಅಜ್ಜಿಯೇ ಆಲ್ಬಮ್ ನೋಡಿ 'ಇದು ಯಾರ ಮನಿ ಹುಡುಗಿ' ಎಂದು ಕೇಳುವ ಸಂಭವವಿದೆ. ಕಾಸರಗೋಡಿನಿಂದ ಬೀದರಿನವರೆಗೆ, ಕೊಡಗಿನಿಂದ ಬೆಳಗಾವಿಯವರೆಗೆ ಉಡುಗೆಯಲ್ಲಿ ಎಷ್ಟು ಬಗೆ ಇದೆಯೆಂಬುದು ಪ್ಯಾಕೇಜು ಮಾರುವವನಿಗೆ ತಿಳಿದಿರಬೇಕಾಗಿಲ್ಲ. ತಿಳಿದಿರಬೇಕಾದವರು ಮನೆಯವರು.

ಎರವಲು ವೇಷದಲ್ಲಿ ಫೋಟೋ ತೆಗೆಸಿಕೊಳ್ಳುವುದು ನಮ್ಮವರಿಗೆ ಹೊಸದೇನಲ್ಲ. ಊರು ಬಿಟ್ಟು ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ತಲೆಮಾರಿನ ಚಿತ್ರಗಳು ಎಷ್ಟೋ ಮನೆಗಳ ಗೋಡೆಯ ಮೇಲೆ ಇಂದಿಗೂ ತೂಗುತ್ತಿವೆ. ಹುಡುಗ ಕೋಟು ಹಾಕಿದ್ದಾನೆ, ಟೈ ಕಟ್ಟಿದ್ದಾನೆ, ಪಕ್ಕದಲ್ಲಿ ಕಾಗದದ ಹೂವಿನ ಕುಂಡ, ಹಿಂದೆ ಬಣ್ಣದಲ್ಲಿ ಬರೆದ ಅರಮನೆಯ ಮೆಟ್ಟಿಲು. ಕೋಟು ಸ್ಟುಡಿಯೋದವನದು. ಅಂದಿನ ಸ್ಟುಡಿಯೋಗಳು ಗೂಟಕ್ಕೆ ಎರಡು-ಮೂರು ಕೋಟುಗಳನ್ನು ತೂಗುಹಾಕಿರುತ್ತಿದ್ದವು. ತೋಳು ಉದ್ದವಾದರೆ ಮಡಚಿ, ಬೆನ್ನಿಗೆ ಪಿನ್ನು ಚುಚ್ಚಿ ನಿಲ್ಲಿಸುತ್ತಿದ್ದರು. ಆ ಚಿತ್ರದ ಪ್ರತಿ ಅಂಚೆಯಲ್ಲಿ ಊರಿಗೆ ಹೋಗುತ್ತಿತ್ತು. ಮಗ ಸುಖವಾಗಿದ್ದಾನೆ ಎಂದು ತಾಯಿಗೆ ತಿಳಿಯಬೇಕಿತ್ತು, ಅಷ್ಟಕ್ಕೆ ಆ ಕೋಟು. ಹಾಗಾಗಿ ಅದನ್ನು ಸುಳ್ಳೆನ್ನಲು ಮನಸ್ಸು ಬರುವುದಿಲ್ಲ. ಆದರೂ ಇಂದು ಆ ಮೊಮ್ಮಕ್ಕಳು ಅಜ್ಜನನ್ನು ನೆನೆಯುವಾಗ ಕೋಟಿನ ಅಜ್ಜ ಅವರಿಗೆ ಅಪರಿಚಿತ; ಸೊಂಟಕ್ಕೆ ಮುಂಡು, ಹೆಗಲಿಗೆ ಬೈರಾಸು ಹಾಕಿಕೊಂಡು ಗಲ್ಲೆಯ ಮೇಲೆ ಕುಳಿತಿದ್ದ ಅಜ್ಜನ ಒಂದು ಚಿತ್ರವೂ ಮನೆಯಲ್ಲಿಲ್ಲ. ಈಗಿನ ಬಾಡಿಗೆ ಲೆಹಂಗಾಗಳ ಆಲ್ಬಮ್ಮುಗಳಿಗೂ ಐವತ್ತು ವರ್ಷದ ನಂತರ ಇದೇ ಗತಿಯಾದೀತು.

ಅಂತೆಯೇ ಫೋಟೋಶೂಟಿನ ತಯಾರಿ ಸ್ಟುಡಿಯೋದಿಂದ ಆರಂಭವಾಗದೆ ಮನೆಯ ಪೆಟ್ಟಿಗೆಯಿಂದ ಆರಂಭವಾಗುವುದು ಒಳಿತು. ಒಂದು ಭಾನುವಾರ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೂರಿಸಿಕೊಂಡು ಟ್ರಂಕು ತೆರೆಯಬೇಕು. ಯಾವ ಸೀರೆ ಯಾವಾಗ ತಂದದ್ದು, ಅದರ ಹೆಸರೇನು, ಯಾರು ಕೊಟ್ಟದ್ದು, ಹೇಗೆ ಉಡುತ್ತಿದ್ದರು ಎಂದು ಕೇಳಿ ಬರೆದಿಡಬೇಕು. 'ಅಯ್ಯ, ಇದರಾಗೇನೈತಿ ಕೇಳೂದು' ಎಂದು ಮೊದಲು ತಳ್ಳಿಹಾಕುವವರೇ ಅರ್ಧ ಗಂಟೆ ಕಳೆದಮೇಲೆ ಮಾತು ನಿಲ್ಲಿಸುವುದಿಲ್ಲ. ಈ ಕೆಲಸಕ್ಕೆ ಅವಸರವಿದೆ. ಸೀರೆ ಪೆಟ್ಟಿಗೆಯಲ್ಲಿ ಇನ್ನೂ ಮೂವತ್ತು ವರ್ಷ ಉಳಿಯಬಹುದು. ಅದರ ಹೆಸರು ಹೇಳಬಲ್ಲವರು ಅಷ್ಟು ವರ್ಷ ಕಾಯುವುದಿಲ್ಲ.

ಸೆರಗಿನಲ್ಲಿ ಜೋಳದ ತೆನೆ

ಉತ್ತರ ಕರ್ನಾಟಕದ ಮನೆತನವಾದರೆ ಪೆಟ್ಟಿಗೆಯ ತಳದಲ್ಲಿ ಇಳಕಲ್ ಸೀರೆ ಇರದಿರುವುದು ಅಪರೂಪ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಈ ಸೀರೆಯ ವಿಶೇಷವಿರುವುದು ಸೆರಗಿನಲ್ಲಿ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದು. ಎರಡರ ಹಾಸುನೂಲುಗಳನ್ನು ಮಗ್ಗದ ಮೇಲೆ ಒಂದೊಂದಾಗಿ ಕೊಂಡಿ ಹಾಕಿ ಬೆಸೆಯುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಮೂಡುವ ವಿನ್ಯಾಸಗಳಿಗೆ ತಮ್ಮದೇ ಹೆಸರುಗಳಿವೆ: ಬಾಚಣಿಗೆಯ ಹಲ್ಲಿನಂತಿರುವ ಹಣಿಗಿ, ಕೋಟೆಯ ತೆನೆಯಂತಿರುವ ಕೋಟಿ ಕಮ್ಲಿ, ಜೋಳದ ತೆನೆಯ ತೋಪತೆನಿ, ಬೆಟ್ಟಸಾಲಿನಂಥ ರಾಂಪ. ಜೋಳದ ರೊಟ್ಟಿ ತಿಂದು ಬೆಳೆದ ನಾಡಿನವರು ಜೋಳದ ತೆನೆಯನ್ನು ಸೆರಗಿನಲ್ಲಿ ಹೊತ್ತಿದ್ದಾರೆ. ಡೊಂಬಿವಲಿಯಲ್ಲಿ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಇದನ್ನು ಹೇಳಿದರೆ ಅವಳೇ ಫೋಟೋಗ್ರಾಫರನಿಗೆ 'ಸೆರಗು ಕಾಣುವಂತೆ ತೆಗೆಯಿರಿ' ಎನ್ನುತ್ತಾಳೆ. ಇಲ್ಲವಾದರೆ ಸೆರಗು ಮಡಿಕೆಯಾಗಿ ಪಿನ್ನಿನೊಳಗೆ ಸೇರಿ, ಉಳಿದದ್ದು ಯಾವ ಸೀರೆಯೂ ಆಗಬಹುದಾದ ಒಂದು ಬಣ್ಣದ ಬಟ್ಟೆ.

ಸೆರಗು ಬಲಹೆಗಲಿಗೋ ಎಡಹೆಗಲಿಗೋ, ತಲೆಯ ಮೇಲೆ ಹೊದೆಯುತ್ತಿದ್ದರೋ ಇಲ್ಲವೋ ಎಂಬುದು ಊರಿಂದೂರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆ. ಪುಸ್ತಕ ನೋಡಿ ನಿರ್ಧರಿಸುವ ವಿಷಯ ಇದಲ್ಲ, ಕೇಳಿ ತಿಳಿಯಬೇಕಾದದ್ದು.

ಇಳಕಲ್ ಸೀರೆಗೆ ಜೋಡಿ ಗುಳೇದಗುಡ್ಡದ ಖಣ. ಅದೂ ಬಾಗಲಕೋಟೆ ಜಿಲ್ಲೆಯದೇ. ಇಲ್ಲೊಂದು ಸ್ವಾರಸ್ಯವಿದೆ. ದಾದರಿನ ಅಂಗಡಿಯಲ್ಲಿ ಇಳಕಲ್ಲಿಗೆ 'ಇರಕಲ್' ಎನ್ನುತ್ತಾರೆ. ಗೌರಿ-ಗಣಪತಿ ಹಬ್ಬಕ್ಕೆ ಮರಾಠಿ ಗೃಹಿಣಿಯರು ಹೊಲಿಸುವ ಖಣದ ರವಿಕೆಗೂ ತವರು ಗುಳೇದಗುಡ್ಡವೇ. ಕಪ್ಪು ಚಂದ್ರಕಾಳಿ ಸೀರೆಯನ್ನು ಸಂಕ್ರಾಂತಿಗೆ ನೆರೆಮನೆಯ ಮರಾಠಿ ವಹಿನಿಯೂ ಉಡುತ್ತಾಳೆ. 'ಇದು ನಮ್ಮದು ಮಾತ್ರ' ಎಂದು ಎದೆ ತಟ್ಟಿಕೊಳ್ಳುವ ಗಡಿಬಿಡಿ ಹಾಗಾಗಿ ಬೇಡ. ನೇಕಾರನ ಬಟ್ಟೆ ಗಡಿ ದಾಟಿದ್ದು ರಾಜ್ಯಗಳು ವಿಂಗಡಣೆಯಾಗುವುದಕ್ಕಿಂತ ಎಷ್ಟೋ ಮೊದಲು. ಕೊಳ್ಳುವಾಗ ಮಾತ್ರ ಕೈಮಗ್ಗದ್ದೋ ಪವರ್‌ಲೂಮ್‌ನ ಪಾಲಿಯೆಸ್ಟರೋ ಎಂದು ವಿಚಾರಿಸುವುದು ಅಗತ್ಯ, ಏಕೆಂದರೆ ಖಣದ ಹೆಸರಿನಲ್ಲಿ ಎರಡೂ ಮಾರಾಟವಾಗುತ್ತವೆ.

ಧಾರವಾಡದ ಕಡೆಯವರ ಪೆಟ್ಟಿಗೆಯಲ್ಲಿ ಕಸೂತಿ ಹಾಕಿದ ಸೀರೆ, ಕುಲಾವಿ ಸಿಕ್ಕೀತು. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆ, ನವಿಲು ಮೂಡಿಸುವ ಕಲೆ ಅದು. ಗಾವಂತಿಯಲ್ಲಿ ಬಟ್ಟೆಯ ಎರಡೂ ಬದಿಗೆ ಒಂದೇ ರೂಪ ಕಾಣುತ್ತದೆ, ಗಂಟು ಕಾಣುವುದಿಲ್ಲ. ದೂರದಿಂದ ತೆಗೆದ ಚಿತ್ರದಲ್ಲಿ ಇದು ಯಾವುದೂ ತಿಳಿಯದು. ಒಂದೆರಡು ಚಿತ್ರವಾದರೂ ಹತ್ತಿರದಿಂದ, ಸೀರೆ ಹಿಡಿದ ಕೈ ಸಮೇತ ತೆಗೆಸಬೇಕು. ಆ ಕೈ ಕಸೂತಿ ಹಾಕಿದವರದೇ ಆಗಿದ್ದರೆ ಇನ್ನೂ ಮೇಲು.

ಕರಾವಳಿಯವರ ಲೆಕ್ಕವೇ ಬೇರೆ

ತುಳು-ಕನ್ನಡಿಗರ ಮನೆಗಳಲ್ಲಿ ಫೋಟೋ ಎಂದರೆ ಕಾಂಜೀವರಂ. ಅದೇ ಅಂತಸ್ತು ಎಂದಾಗಿದೆ. ಅಜ್ಜಿಯಂದಿರು ದಿನನಿತ್ಯ ಉಡುತ್ತಿದ್ದದ್ದು ಮಾತ್ರ ಗಂಜಿ ಹಾಕಿದ ತೆಳು ಹತ್ತಿಯ ಕೈಮಗ್ಗದ ಸೀರೆ. ಉಡುಪಿ ಸೀರೆ ಎಂದು ಇಂದು ಕರೆಯಲಾಗುವ ಇದಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆ ಹೊತ್ತಿಗೆ ಮಗ್ಗಗಳು ಬೆರಳೆಣಿಕೆಗೆ ಇಳಿದಿದ್ದವು. 2018ರಿಂದ ಕಾರ್ಕಳದ ಕದಿಕೆ ಟ್ರಸ್ಟ್ ಹಾಗೂ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದವರು ಸೇರಿ ಮತ್ತೆ ಎತ್ತಿ ನಿಲ್ಲಿಸುವ ಕೆಲಸದಲ್ಲಿ ತೊಡಗಿದ್ದಾರೆ. ಮದುವೆಯ ದಿನ ಕಾಂಜೀವರಂ ಇರಲಿ, ಯಾರೂ ಬೇಡವೆನ್ನುವುದಿಲ್ಲ. ಫೋಟೋಶೂಟಿನ ಒಂದು ಸರದಿಗೆ ಉಡುಪಿ ಸೀರೆಯುಟ್ಟು ನೋಡಬೇಕು. ಮುಂಬಯಿಯ ಸೆಕೆಗೂ ಅದೇ ಹಿತ. ಬಿಳಿ ಗೋಡೆಯ ಮುಂದೆ ಮಾತ್ರ ನಿಲ್ಲಬಾರದು, ತಿಳಿಬಣ್ಣದ ಸೀರೆ ಗೋಡೆಯಲ್ಲೇ ಕರಗಿಹೋಗುತ್ತದೆ.

ಹೂವಿನ ಬಗ್ಗೆ ಒಂದು ಮಾತು. ಸ್ಟುಡಿಯೋದವರು ತರಿಸುವುದು ಮೊಗ್ರಾದ ಗಜ್ರಾ. ಉಡುಪಿ ಮಲ್ಲಿಗೆಯ ಜಡೆ ಅದರಿಂದ ಆಗದು. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟುವ ಈ ಹೂವನ್ನು ಚೆಂಡು, ಅಟ್ಟೆ ಎಂಬ ಲೆಕ್ಕದಲ್ಲೇ ಮಾರುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಊರಿನಿಂದ ಮುಂಬಯಿಗೂ ಬರುತ್ತದೆ, ಆದರೆ ದರ ದಿನದಿಂದ ದಿನಕ್ಕೆ ಏರಿಳಿಯುವುದರಿಂದ, ಮದುವೆಯ ಋತುವಿನಲ್ಲಿ ಕೈಗೆ ಸಿಗದೆ ಹೋಗುವುದರಿಂದ, ಮಾಟುಂಗದ ಹೂವಿನವರಲ್ಲಿ ಮುಂಚಿತವಾಗಿ ಹೇಳಿಡುವುದು ಜಾಣತನ.

ಕೊಡವರಿಗೆ ಈ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ, ಸೆರಗನ್ನು ಬಲಹೆಗಲಿಗೆ ತಂದು ಉಡುವ ಸೀರೆ, ಗಂಡಸರ ಕುಪ್ಯ, ನಡುವಿಗೆ ಕಟ್ಟುವ ಕೆಂಪು ಚೇಲೆ, ಅದರಲ್ಲಿ ಪೀಚೆಕತ್ತಿ, ಎಲ್ಲವನ್ನೂ ಅವರು ಉಳಿಸಿಕೊಂಡಿದ್ದಾರೆ. ಕುಪ್ಯದಲ್ಲಿ ಬಿಳಿಯದು ಮದುಮಗನಿಗೆ, ಉಳಿದವರಿಗೆ ಕಪ್ಪು. ಇದನ್ನರಿಯದೆ ಬೇರೆಯವರು ಬಾಡಿಗೆಗೆ ತಂದು ಹಾಕಿಕೊಂಡರೆ ಛದ್ಮವೇಷ ಸ್ಪರ್ಧೆಯಾಗುತ್ತದೆ. ಮೈಸೂರು ಕಡೆಯವರಿಗೆ ಮೈಸೂರು ರೇಷ್ಮೆಯಿದೆ. 1912ರಲ್ಲಿ ಮಹಾರಾಜರ ಕಾಲದಲ್ಲಿ ಸ್ಥಾಪನೆಯಾದ ಕಾರ್ಖಾನೆಯಲ್ಲಿ ಇಂದಿಗೂ ನೇಯಲಾಗುತ್ತಿರುವ ಆ ಸಾದಾ ಒಡಲಿನ, ಜರಿ ಅಂಚಿನ ಸೀರೆ ನೆರಿಗೆ ಇಳಿಬಿದ್ದ ರೀತಿಯಿಂದಲೇ ಗುರುತು ಸಿಗುತ್ತದೆ. ಅದಕ್ಕೆ ಭಾರದ ಆಭರಣ ಹೇರುವುದು ದಂಡ.

ಗಂಡಸರನ್ನು ಈ ವಿಷಯದಲ್ಲಿ ಎಲ್ಲರೂ ಮರೆಯುತ್ತಾರೆ. ಹುಡುಗಿಯ ಸೀರೆಗೆ ಎರಡು ತಿಂಗಳು, ಹುಡುಗನ ಉಡುಪಿಗೆ ಹತ್ತು ನಿಮಿಷ. ಕೊನೆಗೆ ಶೇರ್ವಾನಿಯೋ ಸೂಟೋ ಗತಿ. ಪಂಚೆ-ಶಲ್ಯ, ಧಾರವಾಡದ ಧೋತರ-ನೆಹರೂ ಶರ್ಟು, ಕರಾವಳಿಯ ಮುಂಡು, ಮೈಸೂರು ಪೇಟ, ಬಿಜಾಪುರದ ಕಡೆಯ ರುಮಾಲು ಎಷ್ಟೆಲ್ಲ ಇದ್ದರೂ ಹುಡುಗರ ದೂರು ಒಂದೇ: ಪಂಚೆ ಜಾರುತ್ತದೆ. ಹಿಂದಿನ ವಾರ ಮನೆಯಲ್ಲಿ ಎರಡು ದಿನ ಉಟ್ಟು ನಡೆದಾಡಿದರೆ ಜಾರುವುದಿಲ್ಲ. ಪಂಚೆಯನ್ನು ಮುಟ್ಟಿಮುಟ್ಟಿ ನೋಡಿಕೊಳ್ಳುವ ಹುಡುಗನ ಮುಖದಲ್ಲಿ ನಗು ಬರಿಸಲು ಯಾವ ಫೋಟೋಗ್ರಾಫರನಿಂದಲೂ ಸಾಧ್ಯವಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. 2022ರಲ್ಲಿ 'ಕಾಂತಾರ' ತೆರೆಕಂಡ ಮೇಲೆ ದೈವದ ಮುಖವರ್ಣಿಕೆ, ಅಣಿ ಕಟ್ಟಿಕೊಂಡು ಚಿತ್ರ ತೆಗೆಸಿಕೊಳ್ಳುವ ಗೀಳು ಹಲವೆಡೆ ಕಾಣಿಸಿತು. ತುಳುನಾಡಿನಲ್ಲಿ ಇದಕ್ಕೆ ವಿರೋಧ ವ್ಯಕ್ತವಾದದ್ದು ಸಹಜವೇ. ಅದು ಉಡುಗೆಯಲ್ಲ, ಆರಾಧನೆಯ ಅಂಗ. ಕಟ್ಟುವ ಹಕ್ಕು, ಕಟ್ಟಳೆ ಇರುವವರು ಕಟ್ಟಬೇಕಾದದ್ದು. ಯಕ್ಷಗಾನದ ಮಾತು ಬೇರೆ. ನಗರದ ಮೇಳಗಳಲ್ಲಿ ಹೆಜ್ಜೆ ಕಲಿತು ರಂಗವೇರಿದ ಹುಡುಗ-ಹುಡುಗಿಯರು ತಮ್ಮ ವೇಷದಲ್ಲಿ ಚಿತ್ರ ತೆಗೆಸಿಕೊಂಡರೆ ಅದು ಅವರ ಸಾಧನೆಯ ದಾಖಲೆ. ಕಲಿಯದವರು ಅರ್ಧ ಗಂಟೆಗೆಂದು ಕಿರೀಟವಿಟ್ಟುಕೊಂಡರೆ ಕಿರೀಟಕ್ಕೂ ತೃಪ್ತಿಯಿಲ್ಲ, ತಲೆಗೂ ಇಲ್ಲ.

ಮುಂಬಯಿಯನ್ನು ಬಿಟ್ಟು ಯಾವ ಗುರುತು?

ಉಡುಗೆ ಊರಿನದಾದರೆ ಹಿನ್ನೆಲೆಯೂ ಊರಿನದೇ ಆಗಬೇಕು ಎಂದು ಕೆಲವರು ಫೋಟೋಗೆಂದೇ ರೈಲು ಹತ್ತಿ ಊರಿಗೆ ಹೋಗುತ್ತಾರೆ. ಅನುಕೂಲವಿದ್ದವರು ಹೋಗಲಿ. ಇಲ್ಲಿ ಹುಟ್ಟಿ ಬೆಳೆದವರಿಗೆ ಮುಂಬಯಿಯೂ ಗುರುತಿನ ಭಾಗವೇ ಅಲ್ಲವೇ? ಮೂರನೆಯ ತಲೆಮಾರಿನ ಹುಡುಗ ಗದ್ದೆಯ ಬದುವಿನಲ್ಲಿ ನೇಗಿಲು ಹೊತ್ತು ನಿಂತರೆ ಅದೂ ಎರವಲು ಕೋಟೇ. ಇಳಕಲ್ ಸೀರೆಯುಟ್ಟ ಹುಡುಗಿ ತಾನು ದಿನಾ ಏರುವ ಚಾಳಿನ ಮರದ ಮೆಟ್ಟಿಲ ಮೇಲೆ, ಅಜ್ಜ ದುಡಿದ ಹೋಟೆಲಿನ ಅಮೃತಶಿಲೆಯ ಮೇಜಿನ ಮುಂದೆ, ಅಪ್ಪ ಪಾಠ ಕೇಳಿದ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತರೆ ಆ ಚಿತ್ರ ಬೇರೆ ಯಾರದೂ ಆಗಲಾರದು. 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಮಾಟುಂಗದ ಉಡುಪಿ ಊಟದ ಮನೆಯಂಥ ತಾಣಗಳು ನಮ್ಮವರ ಚರಿತ್ರೆಗೆ ಯಾವ ಅರಮನೆಗಿಂತ ಕಡಿಮೆಯಲ್ಲ. ಹೋಟೆಲಿನಲ್ಲಿ ತೆಗೆಸುವುದಾದರೆ ಮಾಲೀಕರನ್ನು ಮೊದಲೇ ಕೇಳಿ, ಗಿರಾಕಿಗಳ ಒತ್ತಡವಿಲ್ಲದ ಮಧ್ಯಾಹ್ನದ ನಂತರದ ಹೊತ್ತನ್ನು ಆರಿಸಿಕೊಳ್ಳುವುದು ಮರ್ಯಾದೆ.

ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. ನೃಪತುಂಗನೆಂಬ ಬಿರುದಿನಿಂದ ನಮಗೆ ಪರಿಚಿತನಾದ ಅದೇ ದೊರೆ. ವಾರಾಂತ್ಯದಲ್ಲಿ ಅಲ್ಲಿಗೆ ಹೋಗುವ ಕನ್ನಡಿಗರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರೋ! ಆದರೆ ಅದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಟ್ರೈಪಾಡ್, ದೀಪಗಳನ್ನು ಒಯ್ಯಲು ಮುಂಗಡ ಅನುಮತಿ ಬೇಕು. ರೈಲು ನಿಲ್ದಾಣಗಳಲ್ಲೂ ದೊಡ್ಡ ಕ್ಯಾಮೆರಾ ಹಿಡಿದು ಶೂಟ್ ಮಾಡಲು ರೈಲ್ವೆಯ ಪರವಾನಗಿ ಅಗತ್ಯ. ಫೋಟೋಗ್ರಾಫರ್ 'ಎಲ್ಲ ನೋಡಿಕೊಳ್ಳುತ್ತೇನೆ' ಎಂದರೆ ಕಾಗದ ತೋರಿಸಲು ಹೇಳಬೇಕು. ಸೀರೆಯುಟ್ಟು, ಜಡೆ ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಪೊಲೀಸರಿಗೆ ಉತ್ತರಿಸುತ್ತ ನಿಲ್ಲುವುದು ಯಾರಿಗೆ ಬೇಕು?

ಇನ್ನು ಆ ದಿನದ ಲೆಕ್ಕಾಚಾರ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಶೂಟ್ ಎಂದರೆ ಮಳೆಯೊಡನೆ ಜೂಜು. ನವೆಂಬರ್‌ನಿಂದ ಫೆಬ್ರವರಿವರೆಗೆ ಸೂಕ್ತ. ಸೂರ್ಯೋದಯದ ಬಳಿಕ ಒಂದು-ಒಂದೂವರೆ ಗಂಟೆಯ ಬೆಳಕೇ ಬೆಳಕು. ನಡುಹಗಲಿನ ಬಿಸಿಲು ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ. ಜರಿಗೆ ಎದುರಿನಿಂದ ಫ್ಲಾಶ್ ಹೊಡೆದರೆ ಬಿಳಿ ಚುಕ್ಕೆಯಾಗಿಬಿಡುತ್ತದೆ, ಪಕ್ಕದ ಕಿಟಕಿಯ ಬೆಳಕು ಬಿದ್ದರೆ ಚಿನ್ನವಾಗಿ ಕಾಣುತ್ತದೆ. ಡಿಜಿಟಲ್ ಕ್ಯಾಮೆರಾಗಳಿಗೆ ಗಾಢ ಕೆಂಪು ಕಷ್ಟ. ಇಳಕಲ್ ಸೆರಗಿನ ನೇಯ್ಗೆ ಉಳಿಯಬೇಕಾದರೆ ಸ್ವಲ್ಪ ಕಡಿಮೆ ಬೆಳಕಿಗೆ ಇಟ್ಟು ತೆಗೆಯಿರೆಂದು ಹೇಳಿದರೆ ಬಲ್ಲ ಫೋಟೋಗ್ರಾಫರ್ ತಲೆಯಾಡಿಸುತ್ತಾನೆ. ಹಳೆಯ ರೇಷ್ಮೆಯನ್ನು ವಾರದ ಮುಂಚೆಯೇ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹಾಕಬೇಕು. ಬಹಳ ಕಾಲ ಒಂದೇ ಮಡಿಕೆಯಲ್ಲಿದ್ದರೆ ಜರಿ ಆ ಗೆರೆಯಲ್ಲೇ ಮುರಿಯುತ್ತದೆ. ಅಂಥ ಸೀರೆಯನ್ನು ಎಳೆದು ಪಿನ್ನು ಚುಚ್ಚುವ ಬದಲು ಹೆಗಲ ಮೇಲೆ ಸುಮ್ಮನೆ ಹೊದ್ದು ತೆಗೆಸಿದರೂ ಆದೀತು. ಅಜ್ಜಿಯ ರವಿಕೆ ಮೊಮ್ಮಗಳಿಗೆ ಸರಿಹೊಂದುವ ನಂಬಿಕೆ ಬೇಡ. ಹಳೆಯದನ್ನು ಬಿಚ್ಚದೆ, ಅದೇ ಬಣ್ಣದ ಖಣ ತಂದು ಹೊಸದು ಹೊಲಿಸುವುದೇ ಸರಿ.

ಅಜ್ಜಿಯ ಚಿನ್ನ ಬ್ಯಾಂಕ್ ಲಾಕರಿನಲ್ಲಿರುತ್ತದೆ, ಫೋಟೋಶೂಟ್ ಭಾನುವಾರ ಇರುತ್ತದೆ. ಎರಡನೆಯ ಹಾಗೂ ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ ಎಂಬುದು ಶನಿವಾರ ಬೆಳಿಗ್ಗೆ ಶಟರಿನ ಮುಂದೆ ನಿಂತಾಗ ನೆನಪಾಗುವವರು ಇಂದಿಗೂ ಇದ್ದಾರೆ. ಶುಕ್ರವಾರವೇ ತೆಗೆದು ಸೋಮವಾರ ಮರಳಿಸುವುದು ಸೂಕ್ತ. ಆದರೂ ಅವಲಕ್ಕಿ ಸರ, ವಂಕಿ, ಬುಗುಡಿಗಳನ್ನು ಹಾಕಿಕೊಂಡು ಸಮುದ್ರತೀರದಲ್ಲಿ ಓಡಾಡುವ ಬದಲು ಚಿನ್ನದ ಚಿತ್ರಗಳನ್ನು ಮನೆಯಲ್ಲೇ ತೆಗೆಸಿ, ಹೊರಗೆ ಹೋಗುವಾಗ ಬಿಚ್ಚಿಡುವುದರಲ್ಲಿ ನೆಮ್ಮದಿಯಿದೆ.

ಫೋಟೋಗ್ರಾಫರನೊಂದಿಗೆ ಬಾಯಿಮಾತಿನ ವ್ಯವಹಾರ ಬೇಡ. ಎಷ್ಟು ಗಂಟೆ, ಎಷ್ಟು ಚಿತ್ರ, ಆಲ್ಬಮ್ ಎಂದಿಗೆ, ಮುಂಗಡವೆಷ್ಟು, ಮಳೆ ಬಂದರೆ ಬದಲಿ ದಿನವಿದೆಯೇ, ಎಲ್ಲವೂ ಒಂದು ಹಾಳೆಯಲ್ಲಿ ಬರೆದು ಸಹಿಯಾಗಲಿ, ಕೊಟ್ಟ ಹಣಕ್ಕೆ ರಸೀದಿ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಮೊದಲ ಒಡೆತನ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದೇ. ಆದ್ದರಿಂದ ಸಹಿ ಹಾಕುವ ಮುನ್ನ ಕರಾರಿನ ಸಣ್ಣಕ್ಷರಗಳನ್ನು ಓದಬೇಕು. ಮಗಳ ಚಿತ್ರ ಸ್ಟುಡಿಯೋದ ಜಾಹೀರಾತಿಗೆ ಬಳಕೆಯಾಗುವುದು ಇಷ್ಟವಿಲ್ಲದಿದ್ದರೆ ಅದನ್ನೂ ಅಲ್ಲೇ ಬರೆಸಬೇಕು.

ಸಂಘಗಳೂ ಇದರಲ್ಲಿ ಕೈಜೋಡಿಸಬಹುದು. ಸ್ಮರಣ ಸಂಚಿಕೆಗಳಲ್ಲಿ ಪುಟಗಟ್ಟಲೆ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ಅಚ್ಚು ಹಾಕುವ ಬದಲು, ಹತ್ತು ಮನೆಗಳ ಹಿರಿಯರನ್ನು ಅವರವರ ಉಡುಗೆಯಲ್ಲಿ, ಅವರವರು ದುಡಿದ ಜಾಗದಲ್ಲಿ ನಿಲ್ಲಿಸಿ ತೆಗೆಸಿ, ಕೆಳಗೆ ಸೀರೆಯ ಹೆಸರು, ಊರಿನ ಹೆಸರು ಹಾಕಿದರೆ ಸಂಚಿಕೆಯನ್ನು ರದ್ದಿಗೆ ಹಾಕುವವರು ಕಡಿಮೆಯಾಗುತ್ತಾರೆ. ಸಭಾಭವನದಲ್ಲಿ ಒಂದು ಕಿಟಕಿ, ಒಂದು ಕುರ್ಚಿ, ಒಂದು ಭಾನುವಾರ ಸಾಕು. ಉಡಿಸಲು ಬಲ್ಲ ಹಿರಿಯ ಮಹಿಳೆಯರು ಮಹಿಳಾ ವಿಭಾಗದಲ್ಲೇ ಇದ್ದಾರೆ.

ಚಿತ್ರಗಳು ಮೊಬೈಲಿನಲ್ಲೇ ಉಳಿದರೆ ಮೊಬೈಲು ಬದಲಾದ ದಿನ ಹೋದವು. ಹತ್ತನ್ನಾದರೂ ಕಾಗದದ ಮೇಲೆ ತೆಗೆಸಿ, ಪ್ರತಿಯೊಂದರ ಹಿಂದೆ ಇರುವವರ ಹೆಸರು, ಸೀರೆಯ ಹೆಸರು, ಅದು ಯಾರಿಂದ ಬಂತು, ಎಲ್ಲಿ ತೆಗೆದದ್ದು, ಇಸವಿ ಎಷ್ಟು ಎಂದು ಬರೆಯಬೇಕು. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂದಕ್ಕೆ ಮೂಡುತ್ತದೆ. ಹೊಳಪು ಕಾಗದದ ಬೆನ್ನಿಗೆ ಪೆನ್ಸಿಲು ಹಿಡಿಯದಿದ್ದರೆ ಚೀಟಿಯಲ್ಲಿ ಬರೆದು ಲಕೋಟೆಯೊಳಗೆ ಜೊತೆಗಿಡಬಹುದು. ಅಜ್ಜಿಗೂ ಒಂದು ಪ್ರತಿ ಕೊಡುವುದನ್ನು ಮರೆಯಬಾರದು, ದೊಡ್ಡ ಅಳತೆಯದೇ ಆಗಲಿ, ಕಣ್ಣು ಸಣ್ಣದನ್ನು ಹಿಡಿಯುವುದಿಲ್ಲ.